ಎಂಟನೇ ಮನೆಯ ಅರ್ಜಿ ನಮೂನೆ

ಚೆಸ್‌ನಲ್ಲಿ ಒಂದು ನಡೆ ಅಂದರೆ ಇಷ್ಟೇ: ಯಾವ ಮನೆಯಿಂದ, ಯಾವ ಮನೆಗೆ. ಮೌಸ್‌ಗೆ ಇದಕ್ಕಿಂತ ಸುಲಭದ ಕೆಲಸ ಬೇರೆ ಸಿಗಲಾರದು. ಹಿಡಿ, ಎಳೆ, ಬಿಡು. ರಾಜ ಮತ್ತು ಆನೆ ಎರಡೂ ಒಟ್ಟಿಗೆ ಜಾಗ ಬದಲಿಸುವ ಕ್ಯಾಸ್ಲಿಂಗ್ ಕೂಡ ತಕರಾರು ಮಾಡುವುದಿಲ್ಲ. ರಾಜನನ್ನು ಎರಡು ಮನೆ ಸರಿಸಿದರೆ ಆನೆ ತಾನಾಗಿಯೇ ಬಂದು ಪಕ್ಕದಲ್ಲಿ ನಿಲ್ಲುತ್ತದೆ. ಇಡೀ ಪಟದ ಮೇಲೆ ತಾಪತ್ರಯದವನು ಒಬ್ಬನೇ, ಪದಾತಿ. ಕೊನೆಯ ಸಾಲು ಮುಟ್ಟಿದ ಕೂಡಲೇ ಅವನಿಗೆ ಮೂರನೆಯ ಪ್ರಶ್ನೆ ಎದುರಾಗುತ್ತದೆ. ಏನಾಗ್ತೀಯಪ್ಪಾ? ರಾಣಿಯೋ, ಆನೆಯೋ, ಒಂಟೆಯೋ, ಕುದುರೆಯೋ?

ಕಂಪ್ಯೂಟರ್‌ಗಳು ತಮ್ಮತಮ್ಮಲ್ಲೇ ಆಡುವಾಗ ಈ ರಗಳೆ ಇಲ್ಲ. ಚೆಸ್ ಎಂಜಿನ್‌ಗಳು ಮಾತಾಡುವ ಯುಸಿಐ ಭಾಷೆಯಲ್ಲಿ 'ಇ7ಇ8ಕ್ಯೂ' ಎಂದರೆ ಮುಗಿಯಿತು. ಇ7 ಮನೆಯಿಂದ ಇ8 ಮನೆಗೆ, ಕ್ಯೂ ಅಂದರೆ ಕ್ವೀನ್. ಐದನೆಯ ಅಕ್ಷರದಲ್ಲಿ ರಾಣಿ ಬಂದುಬಿಟ್ಟಳು. ಮನುಷ್ಯನ ಮೌಸ್‌ಗೆ ಎರಡು ಬಟನ್, ನಡುವೆ ಒಂದು ಚಕ್ರ. ಆ ಒಂದು ಅಕ್ಷರವನ್ನು ನಮ್ಮ ಬಾಯಿಂದ ಹೊರಡಿಸಲು ಸಾಫ್ಟ್‌ವೇರ್ ಬರೆಯುವವರು ದಶಕಗಳಿಂದ ಪಡುತ್ತಿರುವ ಪಾಡು ಅಷ್ಟಿಷ್ಟಲ್ಲ.

ಮೊದಲು ಹೊಳೆದದ್ದು ಸರ್ಕಾರಿ ಕಚೇರಿಯ ದಾರಿ. ಆರು ಮನೆ ಜೀವ ಕೈಯಲ್ಲಿ ಹಿಡಿದು ನಡೆದು ಬಂದ ಪದಾತಿಯನ್ನು ಕೌಂಟರಿನಲ್ಲಿ ನಿಲ್ಲಿಸಿ ಅರ್ಜಿ ನಮೂನೆ ಕೊಡುವುದು. ಪರದೆಯ ನಟ್ಟನಡುವೆ ಬೂದು ಬಣ್ಣದ ಪೆಟ್ಟಿಗೆ, ಅದರೊಳಗೆ ನಾಲ್ಕು ಆಯ್ಕೆ, ಕೆಳಗೆ ಓಕೆ ಮತ್ತು ಕ್ಯಾನ್ಸಲ್. ಪೆಟ್ಟಿಗೆ ಬಂದು ಕೂರುವುದು ಎಲ್ಲಿ ಗೊತ್ತಾ? ಸರಿಯಾಗಿ ಎದುರಾಳಿಯ ರಾಜನ ತಲೆಯ ಮೇಲೆ. ಕುದುರೆ ತಗೊಂಡರೆ ಚೆಕ್ ಬೀಳುತ್ತಾ ಎಂದು ನೋಡಬೇಕಾದ ಮನೆಯೇ ಮುಚ್ಚಿಹೋಗಿರುತ್ತದೆ. ಆ ಕ್ಯಾನ್ಸಲ್ ಬಟನ್ ಅಂತೂ ನನಗೆ ಬಹಳ ಇಷ್ಟ. ಟೂರ್ನಿಯಲ್ಲಿ ಮುಟ್ಟಿದ ಕಾಯಿಯನ್ನು ನಡೆಸಲೇಬೇಕು. ಇಲ್ಲಿ ಎಂಟನೇ ಮನೆ ತಲುಪಿದ ಮೇಲೂ 'ಬೇಡ ಬಿಡಿ ಸಾರ್' ಎಂದು ಪದಾತಿ ಏಳನೆಯದಕ್ಕೆ ವಾಪಸ್ ಹೋಗಬಹುದು.

ಈ ಅರ್ಜಿ ತುಂಬುವಾಗ ಗಡಿಯಾರ ನಿಲ್ಲುವುದಿಲ್ಲ ಎಂಬುದೇ ದೊಡ್ಡ ತಮಾಷೆ. ಮರದ ಪಟದ ಮೇಲೆ ಆಡುವಾಗ ಬೇಕಾದ ಕಾಯಿ ಹತ್ತಿರದಲ್ಲಿ ಇಲ್ಲದಿದ್ದರೆ ಗಡಿಯಾರ ನಿಲ್ಲಿಸಿ ಆರ್ಬಿಟರ್, ಅಂದರೆ ತೀರ್ಪುಗಾರರನ್ನು ಕೇಳಬಹುದು. ಅಂತರರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆಯ ನಿಯಮವೇ ಹಾಗಿದೆ. ಕಾಯಿಗಳಿಗೆ ಬರವೇ ಇಲ್ಲದ ಕಂಪ್ಯೂಟರಿನಲ್ಲಿ ಮಾತ್ರ, ಒಂದು ನಿಮಿಷದ ಬುಲೆಟ್ ಆಟದ ಕೊನೆಯ ಎರಡು ಸೆಕೆಂಡುಗಳನ್ನು ಆಯ್ಕೆಯ ಪೆಟ್ಟಿಗೆ ನುಂಗುತ್ತದೆ.

ಆಗ ದಯಾಳುಗಳು ಬಂದರು. 'ಎಲ್ಲರಿಗೂ ಬೇಕಾಗಿರೋದು ರಾಣಿಯೇ ಅಲ್ವಾ, ಕೇಳೋದ್ಯಾಕೆ?' ಎಂದು 'ಯಾವಾಗಲೂ ರಾಣಿ' ಸೆಟ್ಟಿಂಗ್ ತಂದರು. ಹೆಚ್ಚಿನ ಸಲ ಅವರು ಹೇಳಿದ್ದು ಸರಿಯೇ. ಆದರೆ 1895ರಲ್ಲಿ ಗ್ಲಾಸ್ಗೋದಲ್ಲಿದ್ದ ಸ್ಪೇನಿನ ಪಾದ್ರಿ ಫೆರ್ನಾಂಡೋ ಸಾವೆದ್ರಾ ಅವರ ಕೈಗೆ ಈ ಸೆಟ್ಟಿಂಗ್ ಸಿಗದಿದ್ದದ್ದು ನಮ್ಮ ಪುಣ್ಯ. ಪತ್ರಿಕೆಯೊಂದು ಡ್ರಾ ಎಂದು ಅಚ್ಚು ಹಾಕಿದ್ದ ಸ್ಥಿತಿ ಅದು. ಬಿಳಿಯ ಕಡೆ ರಾಜ, ಒಂದು ಪದಾತಿ. ಕಪ್ಪಿನ ಕಡೆ ರಾಜ, ಒಂದು ಆನೆ. ಪದಾತಿ ರಾಣಿಯಾದರೆ ಕಪ್ಪು ಆನೆ ತಾನಾಗಿಯೇ ಬಲಿಗೆ ಬಂದು ನಿಲ್ಲುತ್ತದೆ. ರಾಣಿ ಅದನ್ನು ಹೊಡೆದರೆ ಕಪ್ಪು ರಾಜನಿಗೆ ಕಾಲಿಡಲು ಮನೆಯಿಲ್ಲ, ಸ್ಟೇಲ್‌ಮೇಟ್, ಅಂದರೆ ಆಟ ಡ್ರಾ. ರಾಣಿ ಬೇಡ, ಆನೆ ತಗೊಳ್ಳಿ, ಬಿಳಿಯದೇ ಗೆಲುವು ಎಂದು ತೋರಿಸಿದವರು ಈ ಪಾದ್ರಿ. ಆಲ್ಬಿನ್ ಕೌಂಟರ್ ಗ್ಯಾಂಬಿಟ್ ಎಂಬ ಆರಂಭದ ಆಟದಲ್ಲಿ ಬರುವ ಲಾಸ್ಕರ್ ಬಲೆಯಲ್ಲಂತೂ ಏಳನೇ ನಡೆಗೇ ಕಪ್ಪು ಪದಾತಿ ಕುದುರೆಯಾಗಿ ಚೆಕ್ ಕೊಡುತ್ತದೆ. ಯಾವಾಗಲೂ ರಾಣಿ ಸಾಕು ಅನ್ನುವವರು ಆ ಬಲೆಯನ್ನು ಪುಸ್ತಕದಲ್ಲಿ ನೋಡಿ ಸಂತೋಷಪಡಬೇಕು.

ಆನ್‌ಲೈನ್ ಚೆಸ್ ತಾಣ ಲಿಚೆಸ್ ಇದಕ್ಕೊಂದು ರಾಜಿ ಮಾಡಿದೆ. ಪದಾತಿ ನಿಂತ ಮನೆಯಿಂದಲೇ ಶುರುವಾಗಿ ರಾಣಿ, ಕುದುರೆ, ಆನೆ, ಒಂಟೆ ಸಾಲಾಗಿ ಕಾಣುತ್ತವೆ. ರಾಣಿ ಮೌಸ್‌ನ ಬುಡದಲ್ಲೇ ಇರುತ್ತಾಳೆ, ಅಲ್ಲೇ ಇನ್ನೊಂದು ಕ್ಲಿಕ್ ಮಾಡಿದರೆ ಆಯಿತು. ಚೆನ್ನಾಗಿದೆ, ಒಪ್ಪೋಣ. ಆದರೆ ಅಲ್ಲೂ ತಾನಾಗಿ ರಾಣಿ ಮಾಡುವುದಕ್ಕೆ ಮೂರು ಬಗೆ: ಎಂದೂ ಬೇಡ, ಯಾವಾಗಲೂ, ಮತ್ತು ಎದುರಾಳಿಗಿಂತ ಮೊದಲೇ ನಡೆ ಇಟ್ಟು ಕೂತಾಗ ಮಾತ್ರ. ನಡುವೆ ಮನಸ್ಸು ಬದಲಾದರೆ ಕಂಟ್ರೋಲ್ ಕೀ ಒತ್ತಿ ಹಿಡಿಯಬೇಕು. ಕೈಯಲ್ಲಿ ಮೂರು ಸೆಕೆಂಡ್ ಇಟ್ಟುಕೊಂಡು ಆಡುವವನಿಗೆ ಕೀಬೋರ್ಡಿನ ಮೂಲೆ ನೆನಪಾಗುತ್ತದೆ ಎಂದು ನಂಬಿದವರ ಆಶಾವಾದ ಜಾಸ್ತಿಯೇ.

ಎಕ್ಸ್‌ಬೋರ್ಡ್ ಎಂಬ ಚೆಸ್ ಸಾಫ್ಟ್‌ವೇರ್‌ನವರದು ಇನ್ನೂ ಒಂದು ಕೈ ಮೇಲು. ಪೆಟ್ಟಿಗೆ ತೆಗೆದುಹಾಕಿ, ಬಟನ್ ಒತ್ತಿ ಹಿಡಿದೇ ಮೌಸನ್ನು ಮೇಲೆ ಕೆಳಗೆ ಸರಿಸುವ ಉಪಾಯ ತಂದರು. ಸರಿಸುತ್ತಾ ಹೋದಂತೆ ಕಾಯಿ ವೇಷ ಬದಲಿಸುತ್ತಾ ಹೋಗುತ್ತದೆ. ಬೇಕಾದ ವೇಷ ಬಂದಾಗ ಬೆರಳು ಎತ್ತಬೇಕು. ಬುದ್ಧಿವಂತಿಕೆಯಲ್ಲಿ ನನ್ನ ಮತ ಇದಕ್ಕೇ. ಆದರೆ ಮೊದಲ ಸಲ ನೋಡಿದವನಿಗೆ ತಾನು ಕಾಯಿ ಆರಿಸುತ್ತಿದ್ದೇನೋ ಕಂಪ್ಯೂಟರ್ ಕೆಟ್ಟಿದೆಯೋ ಎಂದು ಯಾರು ಹೇಳಬೇಕು?

ಮರದ ಕಾಯಿಗಳಿದ್ದರೆ ಈ ಗೊಂದಲ ಇಲ್ಲ ಅನ್ನುವವರೂ ಇದ್ದಾರೆ. 2017ರ ಕೆನಡಾ ಚಾಂಪಿಯನ್‌ಶಿಪ್‌ ಪ್ಲೇಆಫ್‌ನಲ್ಲಿ ನಿಕೊಲಾಯ್ ನೊರಿತ್ಸಿನ್ ಅವರ ಪದಾತಿ ಕೊನೆಯ ಸಾಲು ತಲುಪಿತು. ರಾಣಿಗಾಗಿ ಮೇಜಿನ ಮೇಲೆ ಕೈ ಹೋಯಿತು, ಅಲ್ಲಿ ರಾಣಿ ಇಲ್ಲ. ಅದು ಎದುರಾಳಿ ಬಾಟೊರ್ ಸಂಬುಯೆವ್ ಅವರ ಕೈಯೊಳಗಿತ್ತು. ಸೆಕೆಂಡುಗಳು ಓಡುತ್ತಿದ್ದವು. ನೊರಿತ್ಸಿನ್ ಒಂದು ಆನೆಯನ್ನೇ ತಲೆಕೆಳಗು ಇಟ್ಟು 'ರಾಣಿ' ಎಂದರು. ಆರ್ಬಿಟರ್ ಆಟ ತಡೆದು, ತಲೆಕೆಳಗಾದರೂ ಆನೆ ಆನೆಯೇ ಎಂದರು. ಪ್ರಶಸ್ತಿ ಸಂಬುಯೆವ್ ಅವರಿಗೆ ಹೋಯಿತು. ಅಂದು ಒಂದು ಬೂದು ಪೆಟ್ಟಿಗೆ ಸಿಕ್ಕಿದ್ದರೆ ನೊರಿತ್ಸಿನ್ ಅದಕ್ಕೆ ಕೈ ಮುಗಿಯುತ್ತಿದ್ದರೇನೋ.

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವ ಮೊದಲು ಯಾರಾದರೂ ನಮ್ಮ ಹಳೆಯ ದೇಸಿ ಚದುರಂಗ ಆಡಿದವರನ್ನು ಕೇಳಬಹುದಿತ್ತು. ಅಲ್ಲಿ ಪದಾತಿ ಯಾವ ಕಾಯಿಯ ಮನೆ ಸೇರಿದನೋ ಆ ಕಾಯಿಯೇ ಆಗುತ್ತಾನೆ. ಆನೆಯ ಮನೆ ತಲುಪಿದರೆ ಆನೆ, ಕುದುರೆಯ ಮನೆ ತಲುಪಿದರೆ ಕುದುರೆ. ಪ್ರಶ್ನೆಯಿಲ್ಲ, ಓಕೆಯಿಲ್ಲ, ಕಂಟ್ರೋಲ್ ಕೀ ಇಲ್ಲ. ಹಿಡಿ, ಎಳೆ, ಬಿಡು ಅಷ್ಟೇ ಸಾಕು. ಮೌಸ್ ಹುಟ್ಟುವ ಎಷ್ಟೋ ಕಾಲ ಮೊದಲೇ ಮೌಸ್‌ಗೆ ಹೇಳಿ ಮಾಡಿಸಿದ ನಿಯಮ. ಒಂದೇ ತೊಡಕು, ಪದಾತಿ ನೇರ ರಾಜನ ಮನೆಗೇ ಬಂದು ನಿಂತರೆ ಏನು ಮಾಡುವುದು ಎಂಬುದಕ್ಕೆ ಊರಿಗೊಂದು ವಾದವಿದೆ. ಆ ಒಂದು ಮನೆಗೆ ಮಾತ್ರ ಒಂದು ಸಣ್ಣ ಪೆಟ್ಟಿಗೆ ತೆರೆದರೆ ಆಯಿತು. ಓಕೆ ಮತ್ತು ಕ್ಯಾನ್ಸಲ್ ಸಮೇತ.