ಜೇಸನ್ ಇಸ್ಬೆಲ್ ಅವರ ಮೊದಲ ಸ್ವತಂತ್ರ ಆಲ್ಬಮ್: ಒಂದು ಸ್ಪಷ್ಟನೆ
ಅಮೆರಿಕದ ಅಲಬಾಮಾ ಮೂಲದ ಗಾಯಕ, ಗೀತರಚನಕಾರ ಜೇಸನ್ ಇಸ್ಬೆಲ್ ಅವರ ಮೊದಲ ಸ್ವತಂತ್ರ ಆಲ್ಬಮ್ 2013ರ ‘ಸೌತ್‌ಈಸ್ಟರ್ನ್’ ಎಂಬ ಮಾತು ಹರಿದಾಡುತ್ತಿದೆ, ಇದು ಸರಿಯಲ್ಲ. ‘ಡ್ರೈವ್-ಬೈ ಟ್ರಕರ್ಸ್’ ಎಂಬ ರಾಕ್ ಸಂಗೀತ ತಂಡವನ್ನು 2007ರಲ್ಲಿ ತೊರೆದ ಅವರು ಅದೇ ವರ್ಷದ ಜುಲೈನಲ್ಲಿ ‘ಸೈರನ್ಸ್ ಆಫ್ ದ ಡಿಚ್’ ಆಲ್ಬಮನ್ನು ತಮ್ಮ ಹೆಸರಿನಲ್ಲೇ ಹೊರತಂದಿದ್ದರು. ಇನ್ನೂ ತಂಡದಲ್ಲಿದ್ದಾಗಲೇ ಮಸಲ್ ಶೋಲ್ಸ್‌ನ ಫೇಮ್ ಸ್ಟುಡಿಯೋದಲ್ಲಿ ಅದರ ಧ್ವನಿಮುದ್ರಣ ಆರಂಭವಾಗಿತ್ತು. ಅದೇ ತಂಡದ ಪ್ಯಾಟರ್ಸನ್ ಹುಡ್ ಅದಕ್ಕೆ ಸಹನಿರ್ಮಾಪಕರಾಗಿದ್ದು, ಶೋನಾ ಟಕರ್ ಮತ್ತು ಬ್ರಾಡ್ ಮಾರ್ಗನ್ ಕೂಡ ಅದರಲ್ಲಿ ನುಡಿಸಿರುವುದರಿಂದ, ಹಳೆಯ ಒಡನಾಡಿಗಳನ್ನೆಲ್ಲ ದೂರವಿಟ್ಟು ಮಾಡಿದ ಆಲ್ಬಮ್ ಎಂದು ಅದನ್ನು ಬಣ್ಣಿಸುವುದೂ ತಪ್ಪಾಗುತ್ತದೆ. ಗೊಂದಲಕ್ಕೆ ಕಾರಣವಿಲ್ಲದಿಲ್ಲ: 2009 ಮತ್ತು 2011ರ ಆಲ್ಬಮ್‌ಗಳು ಇಸ್ಬೆಲ್ ಅವರದೇ ವಾದ್ಯವೃಂದವಾದ ‘400 ಯೂನಿಟ್’ ತಂಡದ ಹೆಸರನ್ನೂ ಹೊತ್ತು ಬಂದವು, ಡೇವ್ ಕಾಬ್ ನಿರ್ಮಾಣದ ‘ಸೌತ್‌ಈಸ್ಟರ್ನ್’ ಮತ್ತೆ ಇಸ್ಬೆಲ್ ಒಬ್ಬರ ಹೆಸರಿನಲ್ಲೇ ಬಂದು, ಹಿಂದಿನವುಗಳಿಗಿಂತ ಹೆಚ್ಚು ಕೇಳುಗರನ್ನು ತಲುಪಿತು.