ಹಾಲಿಗೆ ನೀರು, ಬೈಬಲ್ಲಿಗೆ ಸಂವಿಧಾನ

ಗಟ್ಟಿ ಹಾಲು ಎಲ್ಲರ ಹೊಟ್ಟೆಗೂ ಒಗ್ಗುವುದಿಲ್ಲವೆಂಬ ಕಾಳಜಿಯಿಂದಲೇ ಹಾಲಿನವರು ಅದಕ್ಕೆ ನೀರು ಬೆರೆಸುತ್ತಾರೆ. ಯೇಸುವಿನ ಮಾತುಗಳ ವಿಷಯದಲ್ಲಿ ಅಮೆರಿಕ ಈಗ ಅದೇ ಕಾಳಜಿ ತೋರಿಸುತ್ತಿದೆ.

ಹಿಂದಿನವರಿಗೆ ಈ ಕೌಶಲವಿರಲಿಲ್ಲ. 1807ರಲ್ಲಿ ಲಂಡನ್ನಿನ ಸಜ್ಜನರು ವೆಸ್ಟ್ ಇಂಡೀಸಿನ ಗುಲಾಮರಿಗಾಗಿ ಬೈಬಲ್ ಅಚ್ಚು ಹಾಕಿಸಿದಾಗ, ಐಗುಪ್ತದ, ಅಂದರೆ ಈಜಿಪ್ಟಿನ, ದಾಸತ್ವದಿಂದ ಜನ ಬಿಡುಗಡೆ ಹೊಂದಿದ ಕಥೆಯನ್ನೂ, ದಾಸ ಮತ್ತು ಸ್ವತಂತ್ರ ಎಂಬ ಭೇದವಿಲ್ಲವೆನ್ನುವ ಅಪೊಸ್ತಲ ಪೌಲನ ಮಾತನ್ನೂ ಕತ್ತರಿಸಿ, ಯಜಮಾನರಿಗೆ ವಿಧೇಯರಾಗಿರಬೇಕೆಂಬ ಉಪದೇಶವನ್ನು ಮಾತ್ರ ಜೋಪಾನವಾಗಿ ಉಳಿಸಿಕೊಂಡರು. ಕತ್ತರಿಸಿದ್ದು ಯಾರ ಕಣ್ಣಿಗಾದರೂ ಬೀಳುತ್ತದೆ, ಬೆರೆಸಿದ್ದು ಹಾಗಲ್ಲ.

ಆದ್ದರಿಂದ 2024ರಲ್ಲಿ ಈಸ್ಟರಿನ ಮುಂಚಿನ ಪವಿತ್ರ ವಾರದಲ್ಲಿ ಡೊನಾಲ್ಡ್ ಟ್ರಂಪ್ ಅವರು 59.99 ಡಾಲರಿಗೆ ಮಾರಲು ಹೊರಟ ಬೈಬಲ್ಲಿನಿಂದ ಒಂದಕ್ಷರವನ್ನೂ ತೆಗೆದಿರಲಿಲ್ಲ. ಅಮೆರಿಕದ ಸಂವಿಧಾನ, ಸ್ವಾತಂತ್ರ್ಯ ಘೋಷಣೆ, ಧ್ವಜದ ಮುಂದೆ ಹೇಳುವ ಪ್ರತಿಜ್ಞೆ, ಸಾಲದ್ದಕ್ಕೆ ಒಂದು ದೇಶಭಕ್ತಿಗೀತೆಯ ಪಲ್ಲವಿ, ಇಷ್ಟನ್ನು ಸೇರಿಸಿದ್ದರು. ಇದರ ಸಾವಿರಾರು ಪ್ರತಿಗಳು ಚೀನಾದಲ್ಲಿ ಮೂರು ಡಾಲರಿಗೂ ಕಡಿಮೆ ಖರ್ಚಿನಲ್ಲಿ ಮುದ್ರಣಗೊಂಡವೆಂದು ಅದೇ ವರ್ಷ ಅಕ್ಟೋಬರಿನಲ್ಲಿ ಸುದ್ದಿ ಬಂತು. ಐದು ರೊಟ್ಟಿಯನ್ನು ಐದು ಸಾವಿರ ಜನರಿಗೆ ಪುಕ್ಕಟೆ ಹಂಚಿಬಿಟ್ಟ ಗಲಿಲಾಯದ ಬಡಗಿ ಯೇಸುವಿಗೆ ಈ ಇಪ್ಪತ್ತು ಪಟ್ಟಿನ ಅದ್ಭುತ ಹೊಳೆಯಲೇ ಇಲ್ಲ. ಅದೇ ಹೊತ್ತಿಗೆ ಒಕ್ಲಹೋಮ ರಾಜ್ಯದ ಶಿಕ್ಷಣ ಇಲಾಖೆ ಶಾಲೆಗಳಿಗೆ 55,000 ಬೈಬಲ್ ಕೊಳ್ಳಲು ಟೆಂಡರ್ ಕರೆದು, ಪ್ರತಿಯೊಂದರೊಳಗೂ ಸಂವಿಧಾನವಿರಬೇಕು, ರಟ್ಟು ಚರ್ಮದ್ದೋ ಚರ್ಮದಂತಹದ್ದೋ ಆಗಿರಬೇಕು ಎಂದು ಷರತ್ತು ಹಾಕಿತು. ಟೀಕೆ ಬಂದ ಮೇಲೆ ಷರತ್ತು ಸಡಿಲವಾಯಿತೆನ್ನಿ.

ಇಷ್ಟು ಬೆರೆಸಿದ ಹಾಲಿಗೆ ಲ್ಯಾಕ್ಟೋಮೀಟರ್ ಹಿಡಿಯುವ ಧೈರ್ಯ ಯಾವ ಸಭಾಪಾಲಕರಿಗಿದೆ? ಒಂದು ಕೆನ್ನೆಗೆ ಹೊಡೆದವನಿಗೆ ಇನ್ನೊಂದನ್ನೂ ಒಡ್ಡಬೇಕೆಂದು ಬೋಧಿಸಿದ ಪಾಸ್ಟರುಗಳನ್ನು ಸಭಿಕರೇ ಅಡ್ಡಹಾಕಿ, ಈ ಎಡಪಂಥೀಯ ಮಾತುಗಳನ್ನು ಎಲ್ಲಿಂದ ತಂದಿರಿ ಎಂದು ವಿಚಾರಿಸಿದ್ದನ್ನು ಇವಾಂಜೆಲಿಕಲ್ ಮುಖಂಡ ರಸೆಲ್ ಮೂರ್ 2023ರಲ್ಲಿ ಹೇಳಿದ್ದಾರೆ. ಅದು ಯೇಸುವಿನದೇ ಮಾತು ಎಂದರೆ, ಹೌದು, ಆದರೆ ಅದು ಈಗ ನಡೆಯುವುದಿಲ್ಲ, ಅದು ದೌರ್ಬಲ್ಯ ಎಂಬ ಉತ್ತರ ಬಂತಂತೆ. ಆ ಕೆನ್ನೆಯ ಮಾತಿರುವ ಯೇಸುವಿನ ಪರ್ವತ ಪ್ರಸಂಗ ಪುಸ್ತಕದ ಬದನೆಕಾಯಿ ಎಂಬುದನ್ನು ಇಷ್ಟು ಪ್ರಾಮಾಣಿಕವಾಗಿ ಒಪ್ಪಿಕೊಂಡ ಭಕ್ತರು ಅಪರೂಪ.

ಬೈಬಲ್ಲಿನ ನಿಜವಾದ ಉಪಯೋಗವೇನೆಂಬುದನ್ನು ಟ್ರಂಪ್ 2020ರ ಜೂನ್ 1ರಂದೇ ತೋರಿಸಿದ್ದರು. ಶ್ವೇತಭವನದ ಎದುರಿನ ಚೌಕದಿಂದ ಪ್ರತಿಭಟನಕಾರರನ್ನು ಬಲವಂತವಾಗಿ ಚದುರಿಸಿದ ಬಳಿಕ, ಸೇಂಟ್ ಜಾನ್ಸ್ ಚರ್ಚಿನ ಮುಂದೆ ನಿಂತು ಅವರು ಬೈಬಲ್ಲನ್ನು ಉತ್ಸವಮೂರ್ತಿಯಂತೆ ಎತ್ತಿ ಹಿಡಿದರು. ಅದು ನಿಮ್ಮ ಬೈಬಲ್ಲೇ ಎಂದು ಕೇಳಿದ್ದಕ್ಕೆ, "ಅದೊಂದು ಬೈಬಲ್" ಎಂದರು. ತೆರೆಯುವ ಪ್ರಮೇಯ ಬರಲಿಲ್ಲ.

ತೆರೆದ ತಪ್ಪನ್ನು ಮಾಡಿದವರು ಬಿಷಪ್ ಮೇರಿಯಾನ್ ಬಡೀ. 2025ರ ಜನವರಿ 21ರಂದು ವಾಷಿಂಗ್ಟನ್ನಿನ ನ್ಯಾಷನಲ್ ಕ್ಯಾಥೆಡ್ರಲಿನಲ್ಲಿ ಅಧ್ಯಕ್ಷ ಟ್ರಂಪ್ ಮುಂದಿನ ಸಾಲಿನಲ್ಲಿ ಕುಳಿತಿರುವಾಗಲೇ ಅವರು ವಲಸಿಗರ ಮೇಲೆ ಕರುಣೆಯಿರಲಿ ಎಂದು ಬೇಡಿಕೊಂಡರು. ನಾವೂ ಒಮ್ಮೆ ಪರದೇಶಿಗಳಾಗಿದ್ದೆವು ಎಂಬ ಐಗುಪ್ತದ ನೆನಪನ್ನು ಕೆದಕಿದರು. ಆಕೆ ಕ್ಷಮೆ ಕೇಳಬೇಕೆಂದು ಅಧ್ಯಕ್ಷರು ಹಟ ಹಿಡಿದರು. ಲಂಡನ್ನಿನ ಸಜ್ಜನರು 1807ರಲ್ಲೇ ಕತ್ತರಿಸಿ ಬಿಸಾಡಿದ್ದ ಆ ಕಥೆ ಬಿಷಪ್ಪರ ಕೈಗೆ ಹೇಗೆ ಸಿಕ್ಕಿತೋ. ಪಾಪ, ಅವರ ಬಳಿ ಇದ್ದದ್ದು ಪಲ್ಲವಿಯಿಲ್ಲದ ಯಾವುದೋ ಹಳೆಯ ಮುದ್ರಣವಿರಬೇಕು.