ಒಂದು ? ಇಂದ ಹಾಳಾದ ಸಂಜೆ
ನಿನ್ನೆ ಪುಣೆಯ ಹಿಂಜೆವಾಡಿಯಲ್ಲಿರೋ ಆಫೀಸಿಂದ ರೂಮಿಗೆ ಬಂದಾಗ ರಾತ್ರಿ ಹನ್ನೊಂದೂವರೆ, ಕಾರಣ ಒಂದೇ ಒಂದು ಪ್ರಶ್ನಾರ್ಥಕ ಚಿಹ್ನೆ ಕಣ್ರೀ. ಪೋಸ್ಟ್‌ಗ್ರೆಸ್ ಅನ್ನೋ ಡೇಟಾಬೇಸಲ್ಲಿ 2014ರ 9.4 ವರ್ಷನ್‌ನಿಂದ ಜೇಸನ್‌ಬಿ (ಹೆಸರು-ವ್ಯಾಲ್ಯೂ ಜೋಡಿಗಳಾಗಿ ಮಾಹಿತಿ ಇಡೋ ಬಗೆ) ಕಾಲಮ್‌ನಲ್ಲಿ ಒಂದು ಕೀ, ಅಂದ್ರೆ ಹೆಸರು, ಇದೆಯಾ ಅಂತ ನೋಡೋಕೆ ? ಅನ್ನೋದೇ ಆಪರೇಟರ್, ಆದ್ರೆ ಜಾವಾ ಕೋಡನ್ನ ಡೇಟಾಬೇಸಿಗೆ ಜೋಡಿಸೋ ಜೆಡಿಬಿಸಿಗೆ ? ಅಂದ್ರೆ ಪ್ಯಾರಾಮೀಟರ್ ಜಾಗ (ಆಮೇಲೆ ವ್ಯಾಲ್ಯೂ ತುಂಬೋ ಜಾಗ), ಹಾಗಾಗಿ ಡೇಟಾಬೇಸಲ್ಲಿ ನೇರ ಹಾಕಿದ್ರೆ ಚೆನ್ನಾಗಿ ಓಡೋ ಕ್ವೆರಿ ಕೋಡಲ್ಲಿ ಹಾಕಿದ್ ತಕ್ಷಣ ಎರಡನೇ ಪ್ಯಾರಾಮೀಟರ್‌ಗೆ ವ್ಯಾಲ್ಯೂ ಕೊಟ್ಟಿಲ್ಲ ಅಂತ ಬೀಳುತ್ತೆ. ಇದ್ದಿದ್ದೇ ಒಂದು ಪ್ಯಾರಾಮೀಟರ್!

ಪಕ್ಕದ ಸೀಟಿನ ಬೆಳಗಾವಿ ಹುಡುಗ "ಅಣ್ಣಾ, ?? ಅಂತ ಎರಡು ಸಲ ಹಾಕ್ರಿ" ಅಂದ ಮೇಲೆ ಸರಿಹೋಯ್ತು. ಅದೇ ಕೆಲಸಕ್ಕೆ ಜೇಸನ್‌ಬಿ ಎಕ್ಸಿಸ್ಟ್ಸ್ ಫಂಕ್ಷನ್ನೂ ಇದೆ, ಆದ್ರೆ ಅದಕ್ಕೆ ಹುಡುಕಾಟ ಬೇಗ ಮಾಡಿಸೋ ಜಿನ್ ಇಂಡೆಕ್ಸ್ ಉಪಯೋಗಕ್ಕೆ ಬರಲ್ಲ.

ಇದಕ್ಕಿಂತ ಸಿಟ್ಟು ಬರೋದು ಕ್ವೆರಿಯಲ್ಲಿ ಪ್ಯಾರಾಮೀಟರ್ ಹುಡುಕೋ ನಮ್ ಟೀಮಿನ ರೆಜೆಕ್ಸ್ (ಅಕ್ಷರಗಳ ಮಾದರಿ ಹುಡುಕೋ ಸೂತ್ರ) ನೋಡಿದ್ರೆ. ಕೋಲನ್ ಕಂಡ್ರೆ ಪ್ಯಾರಾಮೀಟರ್ ಅಂತ ಹಿಡಿಯುತ್ತೆ, ವ್ಯಾಲ್ಯೂನ ಬಗೆ ಬದಲಿಸೋ ::ಡೇಟ್ ಅನ್ನೋ ಕಾಸ್ಟನ್ನೂ ಬಿಡಲ್ಲ, ಕಾಮೆಂಟ್ ಒಳಗಿನ ? ಕೂಡ ಎಣಿಸುತ್ತೆ. ಒಂದೊಂದೇ ಅಕ್ಷರ ಓದ್ಕೊಂಡು ಈಗ ಕೋಟ್ ಒಳಗಿದೀವಾ, ಕಾಮೆಂಟ್ ಒಳಗಿದೀವಾ ಅಂತ ನೆನಪಿಟ್ಕೊಂಡು ಹೋಗ್ಲೇಬೇಕು, ಬೇರೆ ದಾರಿ ಇಲ್ಲ ಅಂತ ಮೂರು ಸಲ ಹೇಳಿದೀನಿ, ಯಾರಾದ್ರೂ ಕೇಳ್ರಪ್ಪಾ.